ಮೊಬೈಲ್ ಕೆಟ್ಟಾಗ ಮಾಲೀಕನ ಹಕ್ಕೇನು? ದುರಸ್ತಿಯ ದಾರಿಗಳು ಮತ್ತು ಕಾನೂನು

ಕೈಯಿಂದ ಜಾರಿ ಬಿದ್ದ ಮೊಬೈಲಿನ ಪರದೆ ಒಡೆಯುತ್ತದೆ. ಅಧಿಕೃತ ಸೇವಾ ಕೇಂದ್ರಕ್ಕೆ ಹೋದರೆ ಹೊಸ ಫೋನಿನ ಅರ್ಧದಷ್ಟು ಬೆಲೆಯನ್ನು ದುರಸ್ತಿಗೆ ಕೇಳುತ್ತಾರೆ. ಹೊರಗಡೆ ಬಿಚ್ಚಿಸಿದರೆ ವಾರಂಟಿ ಹೋಗುತ್ತದೆಂಬ ಎಚ್ಚರಿಕೆಯನ್ನೂ ಕೊಡುತ್ತಾರೆ. ಮನೆಯ ಹತ್ತಿರದ ಅಂಗಡಿಯಾತ ಅದೇ ಕೆಲಸವನ್ನು ಬಹಳ ಕಡಿಮೆ ಹಣಕ್ಕೆ, ಒಂದೆರಡು ಗಂಟೆಯಲ್ಲಿ ಮಾಡಿಕೊಡುವುದಾಗಿ ಹೇಳುತ್ತಾನೆ. ಆದರೆ ಹಾಕುವ ಪರದೆ ಯಾವುದೆಂದು ಹೇಳುವುದಿಲ್ಲ, ರಸೀದಿಯನ್ನೂ ಕೊಡುವುದಿಲ್ಲ. ಇವೆರಡರ ನಡುವೆ ಸಿಕ್ಕಿದ ಮಾಲೀಕ ಬಹಳ ಸಲ ಮೂರನೆಯ ದಾರಿ ಹಿಡಿಯುತ್ತಾನೆ. ಹಳೆಯದನ್ನು ಮೇಜಿನ ಸೆಳೆಖಾನೆಗೆ ಸೇರಿಸಿ, ಕಂತಿನ ಮೇಲೆ ಹೊಸದನ್ನು ಕೊಳ್ಳುತ್ತಾನೆ.

ಬ್ಯಾಂಕು ವ್ಯವಹಾರ, ಒಂದು ಸಲದ ಗುಪ್ತಸಂಖ್ಯೆ, ಮಕ್ಕಳ ಶಾಲೆಯ ಸೂಚನೆ, ಹಲವರ ದಿನಗೂಲಿಯ ಕೆಲಸ ಎಲ್ಲವೂ ಇಂದು ಈ ಒಂದು ಸಾಧನವನ್ನು ಅವಲಂಬಿಸಿವೆ. ಆದ್ದರಿಂದ ಅದು ಕೆಟ್ಟಾಗ ಯಾರಿಂದ ದುರಸ್ತಿ ಮಾಡಿಸಬಹುದು, ಕಂಪನಿ ಯಾವುದನ್ನು ನಿರಾಕರಿಸಬಹುದು, ಯಾವುದನ್ನು ನಿರಾಕರಿಸಲಾಗದು ಎಂಬುದು ಪ್ರತಿಯೊಬ್ಬ ಮಾಲೀಕನೂ ತಿಳಿದಿರಬೇಕಾದ ಸಂಗತಿ. 'ದುರಸ್ತಿಯ ಹಕ್ಕು' ಎಂಬ ಹೆಸರಿನ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ಹಾಗೆಂದು ಗ್ರಾಹಕ ನಿರಾಯುಧನೇನೂ ಅಲ್ಲ. ಈಗಿರುವ ಕಾಯ್ದೆಗಳಲ್ಲೇ ಆತನಿಗೆ ಸಾಕಷ್ಟು ರಕ್ಷಣೆ ಇದೆ. ಆದರೆ ಆ ರಕ್ಷಣೆ ಕೈಯಲ್ಲಿ ಕಾಗದವಿದ್ದವನಿಗೆ ಮಾತ್ರ ಸುಲಭವಾಗಿ ಸಿಗುತ್ತದೆ.

ದುರಸ್ತಿಯ ಹಕ್ಕು ಎಂದರೇನು?

ಹಣ ಕೊಟ್ಟು ಕೊಂಡ ವಸ್ತು ಕೊಂಡವನದು. ಅದನ್ನು ತನಗೆ ಬೇಕಾದವರಿಂದ ಸರಿಪಡಿಸಿಕೊಳ್ಳುವ ಸ್ವಾತಂತ್ರ್ಯವೂ ಅವನದೇ ಎಂಬುದು ಈ ಹಕ್ಕಿನ ತಿರುಳು. ಭಾರತದಲ್ಲಿ ತನ್ನದೇ ಫೋನನ್ನು ಬಿಚ್ಚುವುದಾಗಲಿ, ಕಂಪನಿಗೆ ಸಂಬಂಧವಿಲ್ಲದ ತಂತ್ರಜ್ಞನಿಂದ ಬಿಚ್ಚಿಸುವುದಾಗಲಿ ಅಪರಾಧವಲ್ಲ. ಆದರೆ ಬಿಡಿಭಾಗಗಳು ಮಾರುಕಟ್ಟೆಯಲ್ಲಿ ಸಿಗದಿದ್ದರೆ, ದುರಸ್ತಿಯ ಕೈಪಿಡಿ ಕಂಪನಿಯ ಬೀರುವಿನಲ್ಲೇ ಉಳಿದರೆ, ಬ್ಯಾಟರಿಯನ್ನು ಬಿಡಿಸಲಾಗದಂತೆ ಅಂಟು ಹಾಕಿ ಕೂರಿಸಿದ್ದರೆ ಈ ಸ್ವಾತಂತ್ರ್ಯ ಹೆಸರಿಗಷ್ಟೇ ಉಳಿಯುತ್ತದೆ.

ಇದಕ್ಕೆ ಇತ್ತೀಚಿನ ವರ್ಷಗಳಲ್ಲಿ ಮತ್ತೊಂದು ತೊಡಕು ಸೇರಿದೆ. ಕೆಲವು ಫೋನುಗಳಲ್ಲಿ ಪರದೆ, ಬ್ಯಾಟರಿ, ಕ್ಯಾಮೆರಾಗಳ ಕ್ರಮಸಂಖ್ಯೆಯನ್ನು ತಂತ್ರಾಂಶವು ಮುಖ್ಯ ಫಲಕದೊಂದಿಗೆ ಜೋಡಿಸಿಟ್ಟಿರುತ್ತದೆ. ಬೇರೆಡೆ ಬದಲಿಸಿದರೆ, ಹಾಕಿದ ಭಾಗ ಅಸಲಿಯೇ ಆಗಿದ್ದರೂ, ಎಚ್ಚರಿಕೆಯ ಸಂದೇಶ ಬರುತ್ತದೆ ಅಥವಾ ಕೆಲವು ಸೌಲಭ್ಯಗಳು ನಿಂತುಹೋಗುತ್ತವೆ. ಅಮೆರಿಕದ ಆರೆಗಾನ್ ರಾಜ್ಯ 2024ರಲ್ಲಿ ಈ ಪದ್ಧತಿಗೆ ಕಡಿವಾಣ ಹಾಕುವ ಕಾಯ್ದೆಯನ್ನು ಮಾಡಿತು. ನಮ್ಮಲ್ಲಿ ಅಂಥ ನಿಷೇಧವಿಲ್ಲದ ಕಾರಣ ಬಿಡಿಭಾಗ ಬದಲಿಸುವ ಮುನ್ನವೇ ಈ ಬಗ್ಗೆ ವಿಚಾರಿಸಿಕೊಳ್ಳುವುದು ಒಳಿತು.

ಸರ್ಕಾರ ಇಟ್ಟ ಹೆಜ್ಜೆಗಳು

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿ ಹಕ್ಕಿನ ಚೌಕಟ್ಟನ್ನು ರೂಪಿಸಲು ಸಮಿತಿಯೊಂದನ್ನು ನೇಮಿಸಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತುಗಳು, ವಾಹನಗಳು ಎಂಬ ನಾಲ್ಕು ಕ್ಷೇತ್ರಗಳನ್ನು ಆಗ ಗುರುತಿಸಲಾಯಿತು. ಅದೇ ವರ್ಷದ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, 'ರೈಟ್ ಟು ರಿಪೇರ್' ಜಾಲತಾಣ ಆರಂಭವಾಯಿತು. ಕಂಪನಿಗಳ ಸೇವಾ ಕೇಂದ್ರ, ವಾರಂಟಿ ಷರತ್ತು, ಬಿಡಿಭಾಗಗಳ ವಿವರ ಮುಂತಾದ ಮಾಹಿತಿಯನ್ನು ಒಂದೆಡೆ ತರುವುದು ಇದರ ಉದ್ದೇಶ. ಕಂಪನಿಗಳು ಸ್ವಇಚ್ಛೆಯಿಂದ ಮಾಹಿತಿ ನೀಡುವ ವ್ಯವಸ್ಥೆ ಇದಾಗಿದ್ದು, ಗ್ರಾಹಕನಿಗೆ ಹೊಸ ಕಾನೂನಾತ್ಮಕ ಹಕ್ಕನ್ನೇನೂ ಇದು ಸೃಷ್ಟಿಸುವುದಿಲ್ಲ.

2024ರ ಸೆಪ್ಟೆಂಬರಿನಲ್ಲಿ ಇಲಾಖೆಯ ಹೆಚ್ಚುವರಿ ಕಾರ್ಯದರ್ಶಿ ಭರತ್ ಖೇರಾ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ರಚನೆಯಾಯಿತು. 2025ರ ಮೇ ತಿಂಗಳಿನಲ್ಲಿ ಅದು ವರದಿ ಸಲ್ಲಿಸಿ, ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳಿಗೆ 'ದುರಸ್ತಿ ಸೂಚ್ಯಂಕ' ಇರಬೇಕೆಂದು ಶಿಫಾರಸು ಮಾಡಿತು. ಸಾಧನವನ್ನು ಬಿಚ್ಚುವುದು ಎಷ್ಟು ಸುಲಭ, ದುರಸ್ತಿಯ ಮಾಹಿತಿ ಸಿಗುತ್ತದೆಯೇ, ಬಿಡಿಭಾಗಗಳು ಸಕಾಲಕ್ಕೆ ದೊರೆಯುತ್ತವೆಯೇ, ತಂತ್ರಾಂಶದ ನವೀಕರಣ ಎಷ್ಟು ಕಾಲ ಬರುತ್ತದೆ, ಯಾವ ಉಪಕರಣ ಬೇಕು, ಎಂಥ ತಿರುಪು ಹಾಗೂ ಜೋಡಣೆ ಬಳಸಲಾಗಿದೆ ಎಂಬ ಅಂಶಗಳ ಮೇಲೆ ತಯಾರಕರೇ ಅಂಕ ಘೋಷಿಸಿ, ಮಾರಾಟದ ಸ್ಥಳದಲ್ಲಿ, ಆನ್‌ಲೈನ್ ಮಾರಾಟದ ಪುಟದಲ್ಲಿ ಮತ್ತು ಪೆಟ್ಟಿಗೆಯ ಮೇಲಿನ ಕ್ಯೂಆರ್ ಸಂಕೇತದ ಮೂಲಕ ಪ್ರದರ್ಶಿಸಬೇಕೆಂಬುದು ಅದರ ಸಲಹೆ. ಫ್ರಾನ್ಸ್ 2021ರ ಜನವರಿಯಿಂದಲೇ ಇಂಥ ಅಂಕಪದ್ಧತಿಯನ್ನು ಜಾರಿಗೆ ತಂದಿತ್ತು. ಆದರೆ ಶಿಫಾರಸು ಎಂಬುದು ಕಾಯ್ದೆಯಲ್ಲ; ಅದನ್ನು ತೋರಿಸಿ ಅಂಗಡಿಯಲ್ಲಿ ವಾದಿಸಲು ಬರುವುದಿಲ್ಲ. ಇಂದು ಕೆಲಸಕ್ಕೆ ಬರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ.

ಕಾಯ್ದೆ ಏನು ಹೇಳುತ್ತದೆ?

1986ರ ಹಳೆಯ ಕಾಯ್ದೆಯ ಸ್ಥಾನದಲ್ಲಿ ಬಂದ 'ಗ್ರಾಹಕ ಸಂರಕ್ಷಣಾ ಕಾಯ್ದೆ, 2019' 2020ರ ಜುಲೈನಲ್ಲಿ ಜಾರಿಗೆ ಬಂದಿತು. ವಸ್ತು ಮತ್ತು ಸೇವೆಗಳ ಗುಣಮಟ್ಟ ಹಾಗೂ ಬೆಲೆಯ ಬಗ್ಗೆ ಮಾಹಿತಿ ಪಡೆಯುವುದು, ಸ್ಪರ್ಧಾತ್ಮಕ ಬೆಲೆಯಲ್ಲಿ ಆಯ್ಕೆಯ ಅವಕಾಶ ಪಡೆಯುವುದು ಇವು ಅದರ ಕಲಂ 2(9)ರಲ್ಲಿ ಹೇಳಿರುವ ಗ್ರಾಹಕ ಹಕ್ಕುಗಳಲ್ಲಿ ಸೇರಿವೆ. ದುರಸ್ತಿಯ ಹಕ್ಕಿನ ವಾದಕ್ಕೆ ಇವೇ ತಳಹದಿ. ಮೊಬೈಲ್ ಮಾಲೀಕರಿಗೆ ಮುಖ್ಯವಾದ ಇತರ ಅಂಶಗಳು ಇಲ್ಲಿವೆ.

ಮೊದಲನೆಯದು, ದೋಷ ಮತ್ತು ಸೇವಾನ್ಯೂನತೆ. ಫೋನಿನಲ್ಲೇ ಇರುವ ಕೊರತೆ ದೋಷವೆನಿಸಿದರೆ, ಸೇವಾ ಕೇಂದ್ರವಾಗಲಿ ಅಂಗಡಿಯಾಗಲಿ ಮಾಡಿದ ಕೆಲಸದಲ್ಲಿನ ಕೊರತೆ ಸೇವಾನ್ಯೂನತೆ ಎನಿಸುತ್ತದೆ. ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವುದೂ, ನಿರ್ಲಕ್ಷ್ಯದಿಂದ ನಷ್ಟವುಂಟುಮಾಡುವುದೂ ಕಲಂ 2(11)ರ ಪ್ರಕಾರ ಸೇವಾನ್ಯೂನತೆಯೇ.

ಎರಡನೆಯದು, ಅನುಚಿತ ವ್ಯಾಪಾರ ಪದ್ಧತಿ. ಮಾರಿದ ವಸ್ತುವಿಗೆ ಅಥವಾ ಸಲ್ಲಿಸಿದ ಸೇವೆಗೆ ಬಿಲ್ಲು ಅಥವಾ ರಸೀದಿ ನೀಡದಿರುವುದನ್ನು ಕಲಂ 2(47) ಸ್ಪಷ್ಟವಾಗಿ ಅನುಚಿತ ಪದ್ಧತಿಯೆಂದು ಹೆಸರಿಸುತ್ತದೆ. ಈ ಮಾತು ದೊಡ್ಡ ಕಂಪನಿಗೆ ಅನ್ವಯಿಸುವಂತೆಯೇ ಬೀದಿಯಂಚಿನ ದುರಸ್ತಿ ಅಂಗಡಿಗೂ ಅನ್ವಯಿಸುತ್ತದೆ. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಅಂಗಡಿ ತೆರಿಗೆಯನ್ನು ವಸೂಲು ಮಾಡುವಂತಿಲ್ಲ. ಆದರೆ ರಸೀದಿ ಕೊಡದಿರಲು ಅದು ಕಾರಣವಾಗದು. ನೆರವೇರಿಸುವ ಸಾಧ್ಯತೆಯೇ ಇಲ್ಲದ ವಾರಂಟಿ ಅಥವಾ ದುರಸ್ತಿಯ ಭರವಸೆ ನೀಡುವುದು ಕೂಡ ಇದೇ ಕಲಮಿನ ವ್ಯಾಪ್ತಿಗೆ ಬರುತ್ತದೆ.

ಮೂರನೆಯದು, ಅನ್ಯಾಯದ ಕರಾರು. ಗ್ರಾಹಕನ ಮೇಲೆ ಅಸಮಂಜಸ ಷರತ್ತು ಹೇರಿ ಆತನನ್ನು ಅನನುಕೂಲ ಸ್ಥಿತಿಗೆ ತಳ್ಳುವ ಕರಾರನ್ನು ಕಲಂ 2(46)ರ ಅಡಿ ಪ್ರಶ್ನಿಸಬಹುದು. ಆದರೆ ಇಂಥ ದೂರನ್ನು ಜಿಲ್ಲಾ ಆಯೋಗದ ಮುಂದಲ್ಲ, ಬೆಂಗಳೂರಿನಲ್ಲಿರುವ ರಾಜ್ಯ ಆಯೋಗದ ಮುಂದೆ ಸಲ್ಲಿಸಬೇಕು.

ನಾಲ್ಕನೆಯದು, ಗ್ರಾಹಕ ಯಾರು ಎಂಬ ಪ್ರಶ್ನೆ. ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವರು ಈ ಕಾಯ್ದೆಯಡಿ ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲೆಂದೇ ಕೊಂಡು ಬಳಸುವುದು ವಾಣಿಜ್ಯ ಉದ್ದೇಶವಲ್ಲವೆಂದು ಕಾಯ್ದೆಯೇ ವಿವರಣೆ ನೀಡಿದೆ. ಮನೆಬಾಗಿಲಿಗೆ ಊಟ ತಲುಪಿಸುವವರು, ಆಟೋ ಓಡಿಸುವವರು ತಮ್ಮ ಕೆಲಸದ ಫೋನಿನ ಬಗ್ಗೆ ದೂರು ಕೊಡಲು ಹಿಂಜರಿಯಬೇಕಿಲ್ಲ.

ಇದಲ್ಲದೆ 1872ರ ಭಾರತೀಯ ಕರಾರು ಕಾಯ್ದೆಯೂ ನೆರವಿಗೆ ಬರುತ್ತದೆ. ದುರಸ್ತಿಗೆಂದು ಕೊಟ್ಟ ಫೋನು ಕಾನೂನಿನ ದೃಷ್ಟಿಯಲ್ಲಿ ನ್ಯಾಸವಾಗಿ ಒಪ್ಪಿಸಿದ ವಸ್ತು. ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ತನ್ನ ಸ್ವಂತ ವಸ್ತುವಿನ ಬಗ್ಗೆ ತೋರುವಷ್ಟು ಎಚ್ಚರಿಕೆಯನ್ನು ಅದನ್ನು ಪಡೆದವನೂ ತೋರಬೇಕೆಂದು ಕಲಂ 151 ಹೇಳುತ್ತದೆ. ಅಂಗಡಿಯಲ್ಲಿ ಫೋನು ಕಳೆದುಹೋದರೆ, ಕೆಳಗೆ ಬಿದ್ದು ಒಡೆದರೆ 'ನಾವು ಹೊಣೆಯಲ್ಲ' ಎಂಬ ಫಲಕ ತೋರಿಸಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಇದಕ್ಕೆ ಪ್ರತಿಯಾಗಿ ಮಾಲೀಕನಿಗೂ ಒಂದು ಕಟ್ಟುಪಾಡು ಇದೆ. ಒಪ್ಪಿದ ಕೆಲಸವನ್ನು ಸರಿಯಾಗಿ ಮುಗಿಸಿದ ದುರಸ್ತಿಗಾರ ತನ್ನ ಕೂಲಿ ಸಿಗುವವರೆಗೆ ವಸ್ತುವನ್ನು ತನ್ನಲ್ಲೇ ಇರಿಸಿಕೊಳ್ಳಬಹುದೆಂದು ಕಲಂ 170 ಹೇಳುತ್ತದೆ. ಆದ್ದರಿಂದ ಎಷ್ಟು ಕೆಲಸಕ್ಕೆ ಎಷ್ಟು ಹಣ ಎಂಬುದು ಮೊದಲೇ ಬರಹದಲ್ಲಿರುವುದು ಇಬ್ಬರಿಗೂ ಕ್ಷೇಮ.

ಹೊರಗಡೆ ಬಿಚ್ಚಿಸಿದರೆ ವಾರಂಟಿ ಹೋಗುತ್ತದೆಯೇ?

ಹೆಚ್ಚಿನ ಕಂಪನಿಗಳ ವಾರಂಟಿ ಪತ್ರದಲ್ಲಿ ಇಂಥ ಷರತ್ತು ಇದ್ದೇ ಇರುತ್ತದೆ. ಹೊರಗಿನ ದುರಸ್ತಿಯಿಂದಲೇ ಆದ ಹಾನಿಯನ್ನು ಉಚಿತವಾಗಿ ಸರಿಪಡಿಸಲು ಕಂಪನಿ ನಿರಾಕರಿಸುವುದು ನ್ಯಾಯವೇ. ಆದರೆ ಹೊರಗೆ ಪರದೆ ಬದಲಿಸಿದ್ದಕ್ಕಾಗಿ, ಪರದೆಗೆ ಯಾವ ಸಂಬಂಧವೂ ಇಲ್ಲದ ಧ್ವನಿವರ್ಧಕದ ದೋಷಕ್ಕೂ ವಾರಂಟಿ ಇಲ್ಲವೆನ್ನುವುದು ಸರಿಯೇ ಎಂಬುದು ಪ್ರಶ್ನೆ.

ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ವಿವರವಾಗಿ ಪರಿಶೀಲಿಸಿದ್ದು ಕಾರುಗಳ ವಿಚಾರದಲ್ಲಿ. ಶಂಶೇರ್ ಕಟಾರಿಯಾ ಅವರ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ತಯಾರಕರ ವಿರುದ್ಧ ಆದೇಶ ನೀಡಿ, ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷಪತ್ತೆ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪೆಂದು ಆಯೋಗ ಹೇಳಿತು. ಹೊರಗೆ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಪಡಿಸುವ ಷರತ್ತು ಕೂಡದು, ಕೆಟ್ಟ ದುರಸ್ತಿಯಿಂದ ಆದ ಹಾನಿಯ ಮಟ್ಟಿಗೆ ಮಾತ್ರ ವಾರಂಟಿಯನ್ನು ನಿರಾಕರಿಸಬಹುದು ಎಂದೂ ನಿರ್ದೇಶಿಸಿತು. ಕಂಪನಿಗಳು ಈ ಆದೇಶವನ್ನು ಮೇಲಿನ ಹಂತಗಳಲ್ಲಿ ಪ್ರಶ್ನಿಸಿದವು. ಆದೇಶವು ಕಾರುಗಳಿಗೆ ಸಂಬಂಧಿಸಿದ್ದೇ ಹೊರತು ಮೊಬೈಲುಗಳಿಗಲ್ಲ. ಆದರೂ ಅದರಲ್ಲಿನ ತರ್ಕವನ್ನು ಗ್ರಾಹಕನು ತನ್ನ ದೂರಿನಲ್ಲಿ ಮುಂದಿಡಬಹುದು.

ವಿದೇಶಗಳಲ್ಲೂ ಇದೇ ತರ್ಕಕ್ಕೆ ಮನ್ನಣೆ ಸಿಕ್ಕಿದೆ. ಹೊರಗಿನವರಿಂದ ದುರಸ್ತಿ ಮಾಡಿಸಿದ್ದೀರೆಂಬ ಕಾರಣ ನೀಡಿ ಪರಿಹಾರ ನಿರಾಕರಿಸಿದ ಆಪಲ್ ಕಂಪನಿಗೆ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ 2018ರ ಜೂನ್‌ನಲ್ಲಿ 90 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಅಮೆರಿಕದಲ್ಲಿ 1975ರ ವಾರಂಟಿ ಕಾಯ್ದೆಯೇ ಇಂಥ ಷರತ್ತುಗಳನ್ನು ನಿರ್ಬಂಧಿಸುತ್ತದೆ. ಐರೋಪ್ಯ ಒಕ್ಕೂಟದ ನಿಯಮ ಇನ್ನೂ ಮುಂದೆ ಹೋಗಿದೆ. 2025ರ ಜೂನ್ 20ರ ನಂತರ ಅಲ್ಲಿನ ಮಾರುಕಟ್ಟೆಗೆ ಬರುವ ಸ್ಮಾರ್ಟ್‌ಫೋನುಗಳಿಗೆ, ಆ ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗಗಳನ್ನೂ ಕನಿಷ್ಠ 5 ವರ್ಷ ತಂತ್ರಾಂಶ ನವೀಕರಣವನ್ನೂ ಒದಗಿಸಬೇಕು.

ದುರಸ್ತಿಯ ನಾಲ್ಕು ದಾರಿಗಳು

ಒಂದು, ಕಂಪನಿಯ ಅಧಿಕೃತ ಸೇವಾ ಕೇಂದ್ರ. ವಾರಂಟಿಯ ಅವಧಿ ಉಳಿದಿದ್ದರೆ ಮೊದಲು ಹೋಗಬೇಕಾದದ್ದು ಇಲ್ಲಿಗೇ. ಅಸಲಿ ಬಿಡಿಭಾಗ, ಕಂಪ್ಯೂಟರ್ ದಾಖಲೆ, ಮಾಡಿದ ದುರಸ್ತಿಗೂ ಒಂದಿಷ್ಟು ಕಾಲದ ಖಾತರಿ ಇಲ್ಲಿನ ಅನುಕೂಲಗಳು. ಬೆಲೆ ಹೆಚ್ಚು, ಸಣ್ಣ ಭಾಗವೊಂದು ಕೆಟ್ಟರೂ ಇಡೀ ಫಲಕವನ್ನೇ ಬದಲಿಸಬೇಕೆನ್ನುವುದು ಸಾಮಾನ್ಯ. ಹಣ ಕಟ್ಟುವ ಮುನ್ನ ನಿಮ್ಮ ಮಾದರಿಗೆ ಉಚಿತ ದುರಸ್ತಿ ಯೋಜನೆ ಏನಾದರೂ ಇದೆಯೇ ಎಂದು ವಿಚಾರಿಸಿ. ಪರದೆಯ ಮೇಲೆ ಹಸಿರು ಗೆರೆ ಮೂಡುವ ಸಮಸ್ಯೆಗೆ ಒನ್‌ಪ್ಲಸ್ 2024ರಲ್ಲಿ ಭಾರತದ ಗ್ರಾಹಕರಿಗೆ ಜೀವಿತಾವಧಿಯ ಪರದೆ ವಾರಂಟಿಯನ್ನು ಪ್ರಕಟಿಸಿತ್ತು. ಇಂಥ ಯೋಜನೆಗಳು ಕೇಳಿದವರಿಗಷ್ಟೇ ತಿಳಿಯುವುದುಂಟು.

ಎರಡು, ಹಲವು ಬ್ರಾಂಡುಗಳ ಫೋನುಗಳನ್ನು ದುರಸ್ತಿ ಮಾಡುವ ಸರಣಿ ಮಳಿಗೆಗಳು ಮತ್ತು ಮನೆಗೇ ಬಂದು ದುರಸ್ತಿ ಮಾಡುವ ಆನ್‌ಲೈನ್ ಸೇವೆಗಳು. ಬಿಲ್ಲು ಸಿಗುತ್ತದೆ, ಬೆಲೆ ಮಧ್ಯಮ. ಬಳಸುವ ಭಾಗ ಅಸಲಿಯೋ ಹೊಂದಾಣಿಕೆಯದೋ ಎಂಬುದು ಬಿಲ್ಲಿನಲ್ಲಿ ನಮೂದಾಗುವಂತೆ ನೋಡಿಕೊಳ್ಳಬೇಕು.

ಮೂರು, ಸ್ವತಂತ್ರ ತಂತ್ರಜ್ಞರ ಅಂಗಡಿಗಳು. ಬೆಂಗಳೂರಿನ ಎಸ್.ಪಿ. ರಸ್ತೆ, ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್‌ನಿಂದ ಹಿಡಿದು ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಸಾಲಿನವರೆಗೆ ಇವು ಹರಡಿಕೊಂಡಿವೆ. ಕೆಲವು ಕಡೆ ಸೂಕ್ಷ್ಮದರ್ಶಕದ ಕೆಳಗೆ ಮುಖ್ಯ ಫಲಕದ ಒಂದೇ ಬಿಡಿಭಾಗವನ್ನು ಬದಲಿಸಿ, ಸೇವಾ ಕೇಂದ್ರ ಕೈಬಿಟ್ಟ ಫೋನಿಗೆ ಜೀವ ತರುವ ನಿಪುಣರಿದ್ದಾರೆ. ವಾರಂಟಿ ಮುಗಿದ ಫೋನಿಗೆ ಹಲವು ಸಲ ಇದೇ ಅತ್ಯುತ್ತಮ ದಾರಿ. ಕೌಶಲವೂ ಪ್ರಾಮಾಣಿಕತೆಯೂ ಅಂಗಡಿಯಿಂದ ಅಂಗಡಿಗೆ ಬದಲಾಗುವ ಕಾರಣ ಪರಿಚಿತರ ಅನುಭವ ಕೇಳಿ ಆರಿಸಬೇಕು.

ನಾಲ್ಕು, ಸ್ವತಃ ದುರಸ್ತಿ. ಅಮೆರಿಕದಲ್ಲಿ 2022ರಲ್ಲಿ ಆಪಲ್ ಮತ್ತು ಸ್ಯಾಮ್‌ಸಂಗ್ ಕಂಪನಿಗಳು ಬಿಡಿಭಾಗ, ಕೈಪಿಡಿಗಳನ್ನು ಮಾಲೀಕರಿಗೇ ಮಾರುವ ಯೋಜನೆ ಆರಂಭಿಸಿದವು. ಚಾರ್ಜಿಂಗ್ ಕಿಂಡಿಯಲ್ಲಿ ಸೇರಿದ ಧೂಳನ್ನು, ಫೋನನ್ನು ಆರಿಸಿ, ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯುವುದು, ತಂತ್ರಾಂಶವನ್ನು ಮರುಸ್ಥಾಪಿಸುವುದು ಮುಂತಾದವನ್ನು ಯಾರೂ ಮಾಡಬಹುದು. ಆದರೆ ಅಂಟಿಸಿದ ಬ್ಯಾಟರಿಯನ್ನು ಮನೆಯಲ್ಲಿ ಕೀಳುವ ಸಾಹಸ ಬೇಡ. ಲೀಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

ಯಾವ ತೊಂದರೆಗೆ ಯಾವ ಎಚ್ಚರಿಕೆ?

ಪರದೆ: ಮಾರುಕಟ್ಟೆಯಲ್ಲಿ ಕಂಪನಿಯ ಅಸಲಿ ಪರದೆ, ಬೇರೆ ಫೋನಿನಿಂದ ತೆಗೆದದ್ದು, ಹೊಂದಾಣಿಕೆಯ ನಕಲು ಹೀಗೆ ಹಲವು ಬಗೆ ಸಿಗುತ್ತವೆ. ಒಎಲ್‌ಇಡಿ ಪರದೆಯ ಜಾಗದಲ್ಲಿ ಅಗ್ಗದ ಎಲ್‌ಸಿಡಿ ಹಾಕಿದರೆ ಬಣ್ಣ ಮಂಕಾಗುವುದಷ್ಟೇ ಅಲ್ಲ, ಪರದೆಯೊಳಗಿನ ಬೆರಳಚ್ಚು ಸಂವೇದಕವೂ ಕೆಲಸ ಮಾಡದಿರಬಹುದು. ಬೆಲೆಗಳ ಅಂತರಕ್ಕೆ ಇದೇ ಮುಖ್ಯ ಕಾರಣ.

ಬ್ಯಾಟರಿ: ಫೋನು ನಿಧಾನವಾಯಿತೆಂದು ಹೊಸದನ್ನು ಕೊಳ್ಳುವ ಮೊದಲು ಬ್ಯಾಟರಿಯನ್ನು ಪರೀಕ್ಷಿಸಿ. ಹಳೆಯ ಬ್ಯಾಟರಿಯುಳ್ಳ ಐಫೋನುಗಳ ವೇಗವನ್ನು ತಂತ್ರಾಂಶದ ಮೂಲಕ ತಗ್ಗಿಸುತ್ತಿದ್ದ ಸಂಗತಿ 2017ರ ಡಿಸೆಂಬರಿನಲ್ಲಿ ಬಯಲಾದಾಗ ಆಪಲ್ ಕ್ಷಮೆ ಕೇಳಿ, ಅಮೆರಿಕದಲ್ಲಿ ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರಿನಿಂದ 29 ಡಾಲರಿಗೆ ಇಳಿಸಿತು. ಬ್ಯಾಟರಿ ಬದಲಿಸಿದವರ ಹಳೆಯ ಫೋನುಗಳು ಮತ್ತೆ ಮೊದಲಿನ ವೇಗ ಪಡೆದವು. ಭಾರತದಲ್ಲಿ ಮಾರುವ ಲೀಥಿಯಂ ಬ್ಯಾಟರಿಗೆ ಐಎಸ್ 16046 ಮಾನದಂಡದ ಬಿಐಎಸ್ ನೋಂದಣಿ ಕಡ್ಡಾಯ. ಆ ಗುರುತು ಇದೆಯೇ ಎಂದು ನೋಡಿ. ಉಬ್ಬಿದ ಬ್ಯಾಟರಿಯಿರುವ ಫೋನನ್ನು ಚಾರ್ಜ್ ಮಾಡಬೇಡಿ, ಒತ್ತಬೇಡಿ.

ನೀರು: ಒದ್ದೆಯಾದ ಫೋನನ್ನು ತಕ್ಷಣ ಆರಿಸಿ; ಚಾರ್ಜಿಗೆ ಹಾಕಬೇಡಿ. ಅಕ್ಕಿಯ ಡಬ್ಬದಲ್ಲಿ ಹುದುಗಿಸುವ ಜನಪ್ರಿಯ ಉಪಾಯದಿಂದ ಅಕ್ಕಿಯ ಕಣಗಳೇ ಒಳಹೊಕ್ಕು ಹಾನಿಯಾಗಬಹುದು. ಜಲನಿರೋಧಕವೆಂದು ಜಾಹೀರಾದ ಫೋನುಗಳ ವಾರಂಟಿಯೂ ಸಾಮಾನ್ಯವಾಗಿ ನೀರಿನ ಹಾನಿಯನ್ನು ಒಳಗೊಳ್ಳುವುದಿಲ್ಲ. ಒಮ್ಮೆ ಬಿಚ್ಚಿದ ಫೋನಿನ ಜಲನಿರೋಧಕ ಅಂಟು ಮೊದಲಿನಂತೆ ಉಳಿಯುವುದಿಲ್ಲವೆಂಬುದೂ ನೆನಪಿರಲಿ.

ಮುಖ್ಯ ಫಲಕ: ಫಲಕ ಬದಲಾದರೆ ಫೋನಿನ ಐಎಂಇಐ ಸಂಖ್ಯೆಯೂ ಬದಲಾಗಬಹುದು. ಕೊಡುವ ಮುನ್ನ *#06# ಒತ್ತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮರಳಿ ಪಡೆದಾಗ ಹೋಲಿಸಿ ನೋಡಿ. ಬದಲಾಗಿದ್ದರೆ ಆ ಬಗ್ಗೆ ಲಿಖಿತ ದಾಖಲೆ ಪಡೆದು, ಕೇಂದ್ರ ಸರ್ಕಾರದ ಸಂಚಾರ ಸಾಥಿ ವ್ಯವಸ್ಥೆಯಲ್ಲಿ ಹೊಸ ಸಂಖ್ಯೆಯನ್ನು ಪರಿಶೀಲಿಸಿ. ಐಎಂಇಐ ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯಡಿ 3 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ.

ಫೋನು ಕೊಡುವ ಮುನ್ನ

ಫೋನಿನ ಬೆಲೆಗಿಂತ ಅದರೊಳಗಿನ ಮಾಹಿತಿಯ ಬೆಲೆ ದೊಡ್ಡದು. ಭಾವಚಿತ್ರ, ದಾಖಲೆಗಳ ಪ್ರತಿಯನ್ನು ಬೇರೆಡೆ ಉಳಿಸಿಕೊಳ್ಳಿ. ಸಿಮ್ ಮತ್ತು ಮೆಮೊರಿ ಕಾರ್ಡುಗಳನ್ನು ತೆಗೆದಿರಿಸಿಕೊಳ್ಳಿ. ಹಣ ಪಾವತಿಯ ಆ್ಯಪ್‌ಗಳಿಂದ ನಿರ್ಗಮಿಸಿ. ಸಾಧ್ಯವಿದ್ದರೆ ಎಲ್ಲ ಮಾಹಿತಿಯನ್ನೂ ಅಳಿಸಿ ಕೊಡುವುದು ಉತ್ತಮ. ಸ್ಯಾಮ್‌ಸಂಗ್, ಪಿಕ್ಸೆಲ್ ಮುಂತಾದ ಹಲವು ಫೋನುಗಳಲ್ಲಿ ತಂತ್ರಜ್ಞನಿಗೆ ಖಾಸಗಿ ಮಾಹಿತಿ ಕಾಣದಂತೆ ಮಾಡುವ ದುರಸ್ತಿ ವಿಧಾನವೇ ಇದೆ, ಅದನ್ನು ಬಳಸಿ. ಪರದೆ ಬದಲಿಸಲು ಗುಪ್ತಸಂಖ್ಯೆ ಬೇಕೇಬೇಕೆಂದು ಒತ್ತಾಯಿಸಿದರೆ, ಪರೀಕ್ಷೆಯನ್ನು ನಿಮ್ಮೆದುರೇ ಮಾಡುವಂತೆ ಹೇಳಿ, ಗುಪ್ತಸಂಖ್ಯೆಯನ್ನು ನೀವೇ ಒತ್ತಿ.

ಅನುಮತಿಯಿಲ್ಲದೆ ಮಾಹಿತಿಯನ್ನು ನಕಲು ಮಾಡಿಕೊಳ್ಳುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 43 ಮತ್ತು 66ರ ಅಡಿ ಶಿಕ್ಷಾರ್ಹ. 3 ವರ್ಷಗಳವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇಂಥ ಸಂದರ್ಭದಲ್ಲಿ ಗ್ರಾಹಕ ಆಯೋಗಕ್ಕೆ ಕಾಯದೆ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ದೂರು ನೀಡಬೇಕು. ಹಣ ಕಳೆದುಕೊಂಡಿದ್ದರೆ 1930 ಸಂಖ್ಯೆಗೆ ಕೂಡಲೇ ಕರೆ ಮಾಡಬೇಕು.

ಇನ್ನು ಕಾಗದದ ಮಾತು. ಫೋನು ಒಪ್ಪಿಸುವಾಗ ಸಿಗುವ ಕೆಲಸದ ಚೀಟಿಯೇ ಮುಂದೆ ನಿಮ್ಮ ಮುಖ್ಯ ಸಾಕ್ಷ್ಯ. ಅದರಲ್ಲಿ ದಿನಾಂಕ, ಮಾದರಿ, ಐಎಂಇಐ ಸಂಖ್ಯೆ, ನೀವು ಹೇಳಿದ ತೊಂದರೆ, ಫೋನಿನ ಹೊರಸ್ಥಿತಿ, ಅಂದಾಜು ವೆಚ್ಚ, ಮರಳಿಸುವ ದಿನ ಇರಬೇಕು. ಹೊಸ ಗೀರು, ಬಿರುಕುಗಳ ವಿವಾದ ಬಾರದಂತೆ ಕೌಂಟರಿನಲ್ಲೇ ನಾಲ್ಕೂ ಕಡೆಯ ಚಿತ್ರ ತೆಗೆದುಕೊಳ್ಳಿ. ಚೀಟಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಇಂತಿಷ್ಟು ದಿನದೊಳಗೆ ಒಯ್ಯದಿದ್ದರೆ ಫೋನನ್ನು ವಿಲೇವಾರಿ ಮಾಡುವುದಾಗಿ ಅಲ್ಲಿ ಬರೆದಿರುವುದುಂಟು. ಅಂದಾಜು ವೆಚ್ಚ ಮೀರುವುದಾದರೆ ನಿಮ್ಮ ಒಪ್ಪಿಗೆ ಪಡೆಯಬೇಕೆಂದು ಬರೆಯಿಸಿ. ಬದಲಿಸಿದ ಹಳೆಯ ಭಾಗವನ್ನು ತೋರಿಸುವಂತೆ ಕೇಳಿ. ಸಣ್ಣ ಅಂಗಡಿಯಲ್ಲಿ ಮುದ್ರಿತ ಬಿಲ್ಲು ಇಲ್ಲದಿದ್ದರೆ ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿಸಿದರೂ ಆದೀತು. ಹಣವನ್ನು ಆನ್‌ಲೈನಿನಲ್ಲಿ ಪಾವತಿಸಿದರೆ ಅದೂ ಒಂದು ದಾಖಲೆಯಾಗುತ್ತದೆ.

ಅನ್ಯಾಯವಾದರೆ ಎಲ್ಲಿಗೆ ಹೋಗಬೇಕು?

1. ಮೊದಲು ಕಂಪನಿಯ ಅಥವಾ ಅಂಗಡಿಯ ಮಾಲೀಕರಿಗೆ ಲಿಖಿತ ದೂರು ನೀಡಿ. ಫೋನಿನಲ್ಲಿ ಆಡಿದ ಮಾತು ಉಳಿಯುವುದಿಲ್ಲ, ಇಮೇಲ್ ಉಳಿಯುತ್ತದೆ. ವಾರಂಟಿ ನಿರಾಕರಿಸಿದರೆ ಅದರ ಕಾರಣವನ್ನು ಬರಹದಲ್ಲಿ ಕೊಡುವಂತೆ ಕೇಳಿ.

2. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡವೂ ಸೇರಿದಂತೆ 17 ಭಾಷೆಗಳಲ್ಲಿ ಈ ಸೇವೆ ಇದೆ. ಸಹಾಯವಾಣಿ ತೀರ್ಪು ನೀಡುವುದಿಲ್ಲ. ದೂರನ್ನು ಕಂಪನಿಗೆ ತಲುಪಿಸಿ ರಾಜಿಗೆ ಯತ್ನಿಸುತ್ತದೆ. ದೊಡ್ಡ ಕಂಪನಿಗಳ ವಿಷಯದಲ್ಲಿ ಎಷ್ಟೋ ತಕರಾರುಗಳು ಈ ಹಂತದಲ್ಲೇ ಮುಗಿಯುತ್ತವೆ.

3. ಅಲ್ಲೂ ಆಗದಿದ್ದರೆ ನೋಟಿಸ್ ಕಳುಹಿಸಿ, ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಿ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದ ದೂರುಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. 5 ಲಕ್ಷ ರೂಪಾಯಿವರೆಗೆ ಶುಲ್ಕವೇ ಇಲ್ಲ. ಹೀಗಾಗಿ ಮೊಬೈಲಿನ ದೂರಿಗೆ ಶುಲ್ಕದ ಚಿಂತೆಯಿಲ್ಲ. ವಕೀಲರು ಕಡ್ಡಾಯವಲ್ಲ. ಕಂಪನಿಯ ಕಚೇರಿ ದೆಹಲಿಯಲ್ಲಿದ್ದರೂ ಕಲಬುರಗಿಯಲ್ಲಿ ವಾಸಿಸುವವರು ಕಲಬುರಗಿಯಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ತಂದ ದೊಡ್ಡ ಅನುಕೂಲ ಇದು. 2025ರ ಜನವರಿಯಲ್ಲಿ ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕ ಆನ್‌ಲೈನಿನಲ್ಲೂ ಸಲ್ಲಿಸಬಹುದು.

ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಆಯೋಗದ ಬಾಗಿಲು ತಟ್ಟಬೇಕು. ಎದುರುದಾರರಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ ಅವಕಾಶವಿದೆ. ಪ್ರಯೋಗಾಲಯದ ಪರೀಕ್ಷೆ ಬೇಕಿಲ್ಲದ ದೂರನ್ನು 3 ತಿಂಗಳಲ್ಲಿ, ಪರೀಕ್ಷೆ ಬೇಕಾದುದನ್ನು 5 ತಿಂಗಳಲ್ಲಿ ಇತ್ಯರ್ಥಪಡಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದುಂಟು. ದೋಷ ಸರಿಪಡಿಸುವಂತೆ, ಹೊಸ ಫೋನು ಕೊಡುವಂತೆ, ಹಣ ಮರಳಿಸುವಂತೆ, ಪರಿಹಾರ ನೀಡುವಂತೆ ಆದೇಶಿಸುವ ಅಧಿಕಾರ ಆಯೋಗಕ್ಕಿದೆ. ಆದೇಶ ಪಾಲಿಸದವರಿಗೆ ಸೆರೆವಾಸ, ದಂಡ ಎರಡಕ್ಕೂ ಅವಕಾಶವಿದೆ. ತೀರ್ಪು ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

ದೂರುಗಳು ಸೋಲುವುದು ಹೆಚ್ಚಾಗಿ ಒಂದೇ ಕಡೆ. ಫೋನಿನಲ್ಲಿ ತಯಾರಿಕಾ ದೋಷವಿದೆ ಎಂದು ಹೇಳಿದರೆ ಸಾಲದು, ತೋರಿಸಬೇಕು. ತಜ್ಞರ ವರದಿ ಇಲ್ಲವೆಂಬ ಕಾರಣಕ್ಕೆ ದೂರು ವಜಾ ಆಗುವುದುಂಟು. ಒಂದೇ ತೊಂದರೆಗೆ ಮೂರು ನಾಲ್ಕು ಸಲ ಸೇವಾ ಕೇಂದ್ರಕ್ಕೆ ಅಲೆದ ಕೆಲಸದ ಚೀಟಿಗಳಿದ್ದರೆ ವಾದಕ್ಕೆ ಬಲ ಬರುತ್ತದೆ. ಅಗತ್ಯವಿದ್ದರೆ ಫೋನನ್ನು ಸೂಕ್ತ ಪ್ರಯೋಗಾಲಯದ ಪರೀಕ್ಷೆಗೆ ಕಳುಹಿಸುವಂತೆ ಆಯೋಗವನ್ನೇ ಕೋರಬಹುದು. ಅದರ ಶುಲ್ಕವನ್ನು ಮೊದಲು ದೂರುದಾರರೇ ಕಟ್ಟಬೇಕಾಗುತ್ತದೆ.

ದುರಸ್ತಿಯೋ, ಹೊಸದೋ?

ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಜಾಗತಿಕ ವರದಿಯ ಪ್ರಕಾರ 2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯವನ್ನು ಉತ್ಪಾದಿಸಿತು. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದೆಂದು ದಾಖಲಾದ ಪಾಲು ಶೇ. 22.3 ಮಾತ್ರ. ಹೀಗಿರುವಾಗ ಬಳಸಬಹುದಾದ ಫೋನನ್ನು ಇನ್ನೆರಡು ವರ್ಷ ಬಾಳಿಸುವುದು ಜೇಬಿಗೂ ಪರಿಸರಕ್ಕೂ ಹಿತ. ಆದರೆ ಭದ್ರತಾ ನವೀಕರಣ ನಿಂತುಹೋದ ಫೋನಿನಲ್ಲಿ ಬ್ಯಾಂಕು ವ್ಯವಹಾರ ಮುಂದುವರಿಸುವುದು ಅಪಾಯಕರ. ಅಂಥದ್ದಕ್ಕೆ ದುಬಾರಿ ದುರಸ್ತಿ ಮಾಡಿಸುವ ಮುನ್ನ ಯೋಚಿಸಬೇಕು. ದುರಸ್ತಿಗೆ ಬಾರದ ಫೋನನ್ನು ಗುಜರಿಗೆ ಹಾಕದೆ, ತಯಾರಕರ ಸಂಗ್ರಹ ಕೇಂದ್ರಕ್ಕೋ ಅಧಿಕೃತ ಮರುಬಳಕೆದಾರರಿಗೋ ಒಪ್ಪಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಈ ಹೊಣೆಯನ್ನು ತಯಾರಕರ ಮೇಲೂ ಹೊರಿಸಿವೆ.

ಹೊಸ ಫೋನು ಕೊಳ್ಳುವಾಗ ಕ್ಯಾಮೆರಾ, ಬಣ್ಣಗಳ ಬಗ್ಗೆ ವಿಚಾರಿಸುವಂತೆಯೇ ಪರದೆ ಮತ್ತು ಬ್ಯಾಟರಿ ಬದಲಾವಣೆಗೆ ಎಷ್ಟು ಖರ್ಚು, ನವೀಕರಣ ಎಷ್ಟು ವರ್ಷ ಬರುತ್ತದೆ, ಹತ್ತಿರದ ಸೇವಾ ಕೇಂದ್ರ ಎಲ್ಲಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ಕೊಂಡ ಬಿಲ್ಲನ್ನು ಪೆಟ್ಟಿಗೆಯೊಂದಿಗೆ ಜೋಪಾನವಾಗಿಡಿ. ಅದರದೊಂದು ಚಿತ್ರ ಬೇರೆಡೆಯೂ ಇರಲಿ. ಫೋನು ಕೆಟ್ಟ ದಿನ ಬಿಲ್ಲಿನ ಚಿತ್ರ ಆ ಫೋನಿನೊಳಗೆ ಮಾತ್ರ ಇದ್ದರೆ ಪ್ರಯೋಜನವಾಗದು.